ಹಗೇವಿನ ಮೇಲಿನ ನಳ

ಇರುವೆ, ಒಂದೇ ಒಂದು, ಕರಿಯದು, ಮೊಣಕೈಯಿಂದ ಮೇಲಕ್ಕೆ ಹತ್ತುತ್ತಿದೆ, ಹತ್ತಲಿ, ಕೊಡವಿಕೊಳ್ಳುವ ಹಾಗಿಲ್ಲ, ಕೈ ಬಿಟ್ಟರೆ ನೀರು ಮತ್ತೆ ಚಿಮ್ಮುತ್ತದೆ, ಚಿಮ್ಮಿದರೆ ನೇರ ಹಗೇವಿನ ಬಾಯೊಳಗೆ ಬೀಳುತ್ತದೆ — ಹಾಲವ್ವ ಮುಖ ಹೊರಳಿಸಿ ತೋಳಿನ ಮೇಲೆ ಉಫ್ ಎಂದು ಊದಿದಳು, ಇರುವೆ ಗಳಿಗೆ ಹೊತ್ತು ನಿಂತು ಮತ್ತೆ ನಡೆಯಿತು. ಪಡಸಾಲೆಯ ಹಿಂಗೋಡೆಗೆ ಎದೆ ಆನಿಸಿ, ತುದಿಗಾಲ ಮೇಲೆ, ತಲೆಗಿಂತ ಗೇಣು ಎತ್ತರದಲ್ಲಿ ಹಾದುಹೋದ ಕಬ್ಬಿಣದ ನಳಿಗೆಯನ್ನು ಎರಡೂ ಅಂಗೈಗಳಲ್ಲಿ ಅಮುಕಿ ಹಿಡಿದು ನಿಂತು ಎಷ್ಟು ಹೊತ್ತಾಯಿತೋ, ಬೀಸುವ ಕಲ್ಲಿನ ಮೇಲಿದ್ದ ಬಿಸಿಲು ಸರಿದು ಸರಿದು ಈಗ ಹೊಸ್ತಿಲಿನಾಚೆ ಇಳಿದಿದೆ, ಅಂದರೆ ನೆರೆಮನೆಯ ಫಕ್ಕೀರವ್ವ ಮಿಸ್ತ್ರಿಯನ್ನು ಕರೆತರಲು ಓಡಿ ಒಂದು ತಾಸಿನ ಮೇಲಾಯಿತು, ಎರಡಾಯಿತೇನೋ. ನಳಿಗೆಯ ಎರಡು ತುಂಡು ಕೂಡಿದ ಜಾಗದಲ್ಲಿ ಸೀಳು ಬಿಟ್ಟಿದೆ, ಸೀರೆಯ ಹರಕನ್ನು ಸುತ್ತಿ ಅದರ ಮೇಲೆ ಅಂಗೈ ಒತ್ತಿದ್ದಾಳೆ, ಅರಿವೆ ನೆನೆದು ನೀರು ಮಣಿಕಟ್ಟಿಗೆ, ಮಣಿಕಟ್ಟಿನಿಂದ ಕಂಕುಳಿಗೆ, ಅಲ್ಲಿಂದ ಕುಪ್ಪಸದೊಳಗೆ, ಸೊಂಟಕ್ಕೆ, ಕಾಲಿಗೆ, ಮೈಮೇಲೆ ಇಳಿದ ನೀರು ಗೋಡೆಯ ಬುಡ ಹಿಡಿದು ಹೋಗಲಿ, ಅದಕ್ಕೆ ಅಡ್ಡಿಯಿಲ್ಲ, ಚಿಮ್ಮಬಾರದು ಅಷ್ಟೆ. ಅವಳ ಹಿಮ್ಮಡಿಯ ಹಿಂದೆ ಎರಡು ಮೊಳ ದೂರದಲ್ಲಿ ಹಗೇವು ಬಾಯಿ ತೆರೆದುಕೊಂಡು ಕೂತಿದೆ, ನೆಲದೊಳಗಿನ ಕಣಜ, ಎರಡು ಆಳುದ್ದ ಆಳ, ಹೋದ ಸುಗ್ಗಿಯ ಜೋಳ ಅದರ ಅರ್ಧದವರೆಗೆ. ಇವತ್ತೇ ಅದನ್ನು ತೆರೆಯಬೇಕಿತ್ತೇ, ಮುಂಜಾನೆ ನೆರೆಮನೆಯ ಗುಡ್ಡಪ್ಪ, ಫಕ್ಕೀರವ್ವನ ಗಂಡ, ಮೂವರು ಆಳುಗಳನ್ನು ಕರೆತಂದು ಬಾಯಿಗಲ್ಲನ್ನು ಎತ್ತಿಸಿದ, ಹಗ್ಗಕ್ಕೆ ಕಟ್ಟಿ ದೀಪ ಇಳಿಸಿದ, ದೀಪ ಅರ್ಧದಾರಿಯಲ್ಲೇ ಆರಿತು, ಒಳಗ ಕೆಟ್ಟ ಗಾಳಿ ಐತ್ರಿ ಅಕ್ಕಾರ, ಈಗ ಇಳಿದ್ರ ಮನಶ್ಯಾ ಉಳಿಯಾಂಗಿಲ್ಲ, ಸಂಜಿಮುಂದ ಬರ್ತೇವಿ, ಅಲ್ಲೀತನಕ ತೆರೆದಿರಲಿ ಅಂದು ಎಲ್ಲರೂ ಹೊಲಕ್ಕೆ ಹೋದರು. ಅವರು ಹೋದ ಮೇಲೆ ಹಾಲವ್ವ ಒಲೆ ಹೊತ್ತಿಸಿದ್ದಳೋ ಇಲ್ಲವೋ, ಪಡಸಾಲೆಯಲ್ಲಿ ಹಾವು ಬುಸುಗುಟ್ಟಿದಂಥ ಸಪ್ಪಳ, ನಳಿಗೆ ಸೀಳಿ ನೀರು ಚಿಮ್ಮುತ್ತಿತ್ತು. ಅವಳು ಮೊದಲು ಓಡಿದ್ದು ಹಿತ್ತಲಿಗೆ, ಬಾವಿಯ ಪಕ್ಕ ಕಟ್ಟೆಯ ಮೇಲೆ ಕೂರಿಸಿದ ನೀರಿನ ಟಾಕಿಯ ಕಡೆ, ಬುಡದ ಚಾವಿ ತಿರುಗಿಸಿದರೆ ನೀರು ನಿಲ್ಲುತ್ತದೆ ಎಂದು ಗಂಡ ತೋರಿಸಿಕೊಟ್ಟಿದ್ದ, ತಿರುಗಿಸಿದಳು, ತುಕ್ಕು ಹಿಡಿದ ಚಾವಿ ಕಟಕ್ ಎಂದು ಮುರಿದು ಅವಳ ಕೈಯಲ್ಲೇ ಉಳಿಯಿತು. ಟಾಕಿ ಗಂಟಲತನಕ ತುಂಬಿದೆ, ನಸುಕಿನಲ್ಲಿ ತಾನೇ ಕೈಪಂಪು ಹೊಡೆದು ತುಂಬಿಸಿದ್ದು.

ಜೋಳ ಹೋದರೆ ಏನುಂಟು. ಯುದ್ಧ ಎಲ್ಲೋ ನಡೆದಿದೆ, ಯಾವ ಸಮುದ್ರದ ಆಚೆಗೋ, ಆದರೆ ಸವಣೂರಿನ ಅಂಗಡಿಗಳ ಮುಂದೆ ಹೆಂಗಸರು ಚೀಲ ಹಿಡಿದು ಸಾಲುಗಟ್ಟಿ ನಿಲ್ಲುತ್ತಾರೆ, ಸೇರು ಜೋಳಕ್ಕೆ ಅರ್ಧ ದಿನ, ಅದರಲ್ಲೂ ಕಲ್ಲು ಮಣ್ಣು, ವೀಳ್ಯದ ಎಲೆತೋಟದ ಆಳುಗಳು ಕೂಲಿ ಬ್ಯಾಡ್ರಿ, ಕಾಳು ಕೊಡ್ರಿ ಅನ್ನುತ್ತಾರೆ, ಈ ಹಗೇವಿನ ಮೇಲೆ ಈ ಮನೆಯದಷ್ಟೇ ಅಲ್ಲ, ಗುಡ್ಡಪ್ಪನ ಮನೆಯದು, ತೋಟದ ನಾಲ್ಕು ಮನೆಯವರದು, ಎಲ್ಲರ ಮಳೆಗಾಲದ ರೊಟ್ಟಿ ನಿಂತಿದೆ. ಒಮ್ಮೆ ನೀರು ಹೊಕ್ಕಿತೆಂದರೆ ತಳದಿಂದ ಮೇಲಿನವರೆಗೂ ಕಾಳು ಬಿಸಿಯಾಗಿ ಮೊಳೆತು ಕಪ್ಪಾಗಿ ನಾರುತ್ತದೆ, ಹಂಸಭಾವಿಯ ತವರುಮನೆಯಲ್ಲಿ ಸಣ್ಣವಳಿದ್ದಾಗ ನೋಡಿದ್ದಾಳೆ, ಮಳೆನೀರು ಹೊಕ್ಕ ಹಗೇವಿನ ಜೋಳವನ್ನು ಅಪ್ಪ ಬುಟ್ಟಿಬುಟ್ಟಿಯಾಗಿ ತಿಪ್ಪೆಗೆ ಹಾಕಿಸಿದ್ದು, ದನ ಸುದ್ದಾ ಮೂಸಲಿಲ್ಲ. ಬಲಗೈಯ ಹೆಬ್ಬೆರಳು ಇದೆಯೋ ಇಲ್ಲವೋ ತಿಳಿಯುತ್ತಿಲ್ಲ, ಇದೆ, ಕಾಣಿಸುತ್ತಿದೆ, ಬೆಳ್ಳಗಾಗಿದೆ, ಬೇರೆ ಯಾರದೋ ಹೆಬ್ಬೆರಳಿನ ಹಾಗೆ. ಗಂಡ ಉಳವಪ್ಪ ಇದ್ದಿದ್ದರೆ ಇಷ್ಟು ಹೊತ್ತಿಗೆ ಏನಾದರೂ ಮಾಡುತ್ತಿದ್ದ, ಎಲೆಯ ಪೆಂಡಿ ಹೇರಿಕೊಂಡು ನಿನ್ನೆಯೇ ಹಾನಗಲ್ಲಿಗೆ ಹೋಗಿದ್ದಾನೆ, ನಾಳೆ ಬಂದಾನು, ಬಂದವನು ಏನೂ ಅನ್ನುವುದಿಲ್ಲ, ಅವನು ಯಾವತ್ತು ಏನು ಅಂದಿದ್ದಾನೆ, ಅದೇ ಕಷ್ಟ. ಆ ವರ್ಷವೂ ಅನ್ನಲಿಲ್ಲ. ಓಣಿಯ ತುದಿಯ ಮೆಟ್ಟಿಲಬಾವಿ, ಹಾವಸೆ ಕಟ್ಟಿದ ಒಂಬತ್ತನೆಯ ಮೆಟ್ಟಿಲು, ತುಂಬಿದ ಕೊಡ ಸೊಂಟದ ಮೇಲೆ, ಒಳಗೆ ಏಳು ತಿಂಗಳದ್ದು, ಕಾಲು ಜಾರಿದ್ದು ನೆನಪಿಲ್ಲ, ಕೊಡ ಮೆಟ್ಟಿಲಿಂದ ಮೆಟ್ಟಿಲಿಗೆ ಢಣಢಣ ಇಳಿದುಹೋದದ್ದು ನೆನಪಿದೆ, ಎರಡನೆಯ ದಿನ ಹುಟ್ಟಿದ ಹೆಣ್ಣುಕೂಸಿಗೆ ಉಸಿರಿರಲಿಲ್ಲ. ಆಮೇಲೆ ಬಸಿರು ನಿಲ್ಲಲೇ ಇಲ್ಲ. ತಿಂಗಳೊಪ್ಪತ್ತು ಕಳೆಯಿತು, ಒಂದು ದಿನ ಉಳವಪ್ಪ ಒಡ್ಡರನ್ನು ಕರೆತಂದು ಹಿತ್ತಲಲ್ಲಿ ಬಾವಿ ತೋಡಿಸಿದ, ಹುಬ್ಬಳ್ಳಿಯಿಂದ ಗಾಡಿಯಲ್ಲಿ ಪಂಪು ಬಂತು, ಟಾಕಿ ಬಂತು, ನಳಿಗೆ ಬಂದವು, ಅವುಗಳ ಹಿಂದೆ ಜಮಾಲಸಾಬ ಮಿಸ್ತ್ರಿ ಬಂದ, ಯಾಕೆ ಏನು ಎಂದು ಗಂಡ ಅವಳಿಗೆ ಒಂದು ಮಾತೂ ಹೇಳಲಿಲ್ಲ, ಒಂದು ದಿನ ಒಲೆಯ ಪಕ್ಕದ ಗೋಡೆಯಿಂದ ಹಿತ್ತಾಳೆಯ ನಳ ಮೂತಿ ಚಾಚಿತ್ತು, ತಿರುಗಿಸು ಅಂದ, ತಿರುಗಿಸಿದಳು, ನೀರು ಬಂತು, ಅವನು ಎಲೆತೋಟಕ್ಕೆ ಹೊರಟುಹೋದ.

ಬೇಡವೆಂದು ಹೇಳಿದ್ದು ಮಿಸ್ತ್ರಿ ಒಬ್ಬನೇ. ಹುಬ್ಬಳ್ಳಿಯ ರೈಲ್ವೆ ಕಾರಖಾನೆಯಲ್ಲಿ ಹನ್ನೊಂದು ವರ್ಷ ದುಡಿದು ಊರಿಗೆ ಮರಳಿದವನು, ಮಾತು ಕಡಿಮೆ, ನಳಿಗೆಯನ್ನು ಮುಟ್ಟುವ ಮೊದಲು ಕಿವಿ ಹಚ್ಚಿ ಕೇಳುತ್ತಿದ್ದ. ಹಗೇವಿನ ಮ್ಯಾಲ ನೀರ ಹಾಯಿಸೂದು ಬ್ಯಾಡ್ರಿ ಉಳವಪ್ಪಣ್ಣಾರ, ಹೊರಗಿನ ಗ್ವಾಡಿ ಸುತ್ತಿಸಿ ಒಯ್ಯೂಣ್ರಿ ಅಂದಿದ್ದ. ಸುತ್ತಿಸಲು ನಳಿಗೆ ಸಾಲಲಿಲ್ಲ, ಹುಬ್ಬಳ್ಳಿಯಲ್ಲೂ ಸಿಗಲಿಲ್ಲ, ಕಬ್ಬಿಣವೆಲ್ಲ ಯುದ್ಧಕ್ಕೆ ಹೊರಟಿತ್ತು, ಕೊನೆಗೆ ಎರಡು ತುಂಡು ಕೂಡಿಸಿ ಪಡಸಾಲೆಯೊಳಗಿಂದಲೇ ಒಯ್ದರು, ಅಡಿಗೆಮನೆಗೆ, ಅಲ್ಲಿಂದ ಬಚ್ಚಲಿಗೆ. ಕೂಡಿದ್ದು ಇಲ್ಲೇ, ಈಗ ಅವಳ ಅಂಗೈ ಇರುವಲ್ಲೇ. ಅತ್ತೆ ಬೇಡ ಅನ್ನಲಿಲ್ಲ, ಬೇಕು ಅನ್ನಲಿಲ್ಲ, ಆದರೆ ಮೂರು ವರ್ಷದಲ್ಲಿ ಒಂದು ದಿನವೂ ಆ ನಳ ಮುಟ್ಟಲಿಲ್ಲ. ಮಗ ಮನೆಯೊಳಗೆ ನೀರು ತಂದರೆ ತಾಯಿ ಹೊತ್ತು ಮುಳುಗುವ ಮುಂದೆ ತನ್ನ ತಾಮ್ರದ ಕೊಡ ಹಿಡಿದು ಓಣಿಯ ತುದಿಗೆ ನಡೆಯುತ್ತಾಳೆ, ಮೊಣಕಾಲು ಹಿಡಿದುಕೊಂಡು ಮೆಟ್ಟಿಲಿಳಿಯುತ್ತಾಳೆ, ಕುಡಿಯುವುದು ಅದನ್ನೇ, ಲಿಂಗಪೂಜೆಗೂ ಅದೇ. ಓಣಿಯವರು ಮಡಿವಂತಿಕೆ ಅಂದರು, ಸಾಬರ ಕೈಯ ಕೆಲಸ ಅಂತ ಮುದುಕಿಗೆ ಸೇರುವುದಿಲ್ಲ ಅಂದರು, ಫಕ್ಕೀರವ್ವ ಅದನ್ನೇ ಅಂದಳು, ಹಾಲವ್ವನಿಗೆ ಬೇರೆಯೇ ಗೊತ್ತಿತ್ತು — ಗೊತ್ತಿದೆ ಅಂದುಕೊಂಡಿದ್ದಳು — ಮೊಮ್ಮಗಳನ್ನು ಕಳೆದ ಸೊಸೆಗೆ ಮಗ ಬಾವಿ ತೋಡಿಸಿ ಕೊಟ್ಟಿದ್ದಾನಲ್ಲ, ಅದು ಅತ್ತೆಯ ಹೊಟ್ಟೆಯಲ್ಲಿ ಉರಿಯುತ್ತದೆ, ನಾವು ನಲವತ್ತು ವರ್ಷ ಹೊರಲಿಲ್ಲವೇ ಅನ್ನುವ ಉರಿ, ಅದಕ್ಕೇ ದಿನವೂ ಆ ತಾಮ್ರದ ಕೊಡ ತನ್ನ ಕಣ್ಣೆದುರೇ ಹಾದುಹೋಗುತ್ತದೆ, ನೋಡಲಿ ಅಂತಲೇ. ಭುಜ ಕಳಚಿ ಬೀಳುತ್ತದೆ ಈಗ. ಎಡಗಾಲಿನ ಮೇಲೆ ಭಾರ ಹಾಕು, ಇನ್ನು ಬಲಗಾಲು, ಮತ್ತೆ ಎಡಗಾಲು. ಹಿಂದೆ ಅತ್ತೆ ಸಿದ್ದವ್ವ ಗೋಣಿತಟ್ಟು ಎಳೆಯುವ ಸಪ್ಪಳ, ಮೊದಲಿನ ತಟ್ಟು ನೆನೆದು ಹಗೇವಿನೊಳಗೆ ಜೋತುಬಿದ್ದಿತ್ತು, ಈಗ ಇನ್ನೊಂದು ಹಾಸುತ್ತಿದ್ದಾಳೆ, ಹಾಸಿ ಅಂಚಿಗೆ ಬೂದಿ ಮಣ್ಣು ಕಲಸಿ ಒಡ್ಡು ಹಾಕುತ್ತಿದ್ದಾಳೆ, ಏದುಸಿರು ಕೇಳಿಸುತ್ತದೆ, ಅರವತ್ತೈದು ದಾಟಿದವಳು, ಬಾಯಿಗಲ್ಲನ್ನು ಸರಿಸಲೂ ನೋಡಿದಳು ಆಗಲೇ, ಕಲ್ಲು ಮಿಸುಕಲಿಲ್ಲ. ಫಕ್ಕೀರವ್ವ ಮಿಸ್ತ್ರಿಯ ಮನೆ ಮುಟ್ಟಿರಬೇಕು, ಅವನು ಮನೆಯಲ್ಲಿ ಇಲ್ಲದಿದ್ದರೆ, ಶಿಗ್ಗಾಂವಿಗೆ ಹೋಗಿದ್ದರೆ, ಅಲ್ಲಿಯೂ ಯಾರದೋ ಪಂಪು ಕೆಟ್ಟಿದ್ದರೆ, ಸಂಜೆತನಕ ಬಾರದಿದ್ದರೆ. ಬೆರಳು ಜಾರಿತು. ಜಾರಿದ್ದು ಒಂದೇ ಬೆರಳು, ಆದರೆ ನೀರು ಸಂದಿ ಕಂಡ ಕೂಡಲೇ ಕೋಲಿನ ಹಾಗೆ ಚಾಚಿತು, ಅವಳ ಕಿವಿಯ ಪಕ್ಕದಿಂದ ಹಾರಿ ಹಿಂದೆ ಬಿದ್ದಿತು, ತಟ್ಟಿನ ಮೇಲೆ ಪಟಪಟ ಸದ್ದು, ಶಿವನೇ, ಹಿಡಿದಳು, ಒತ್ತಿದಳು, ಬೆರಳುಗಳು ಮಾತು ಕೇಳುತ್ತಿಲ್ಲ, ಅತ್ತ್ಯಾರ, ನನ್ನ ಕೈಲೆ ಆಗವಲ್ದರಿ ಅಂದಳು, ಜೋರಾಗಿ ಅಂದಳೋ ಮನಸ್ಸಿನಲ್ಲೇ ಅಂದುಕೊಂಡಳೋ.

ಬೀಸುವ ಕಲ್ಲಿನ ಪಕ್ಕದ ಮಣೆಯನ್ನು ಯಾರೋ ಎಳೆದ ಸದ್ದು, ಮಗ್ಗುಲಲ್ಲಿ ವಿಭೂತಿಯ ವಾಸನೆ, ಬೂದಿಯ ವಾಸನೆ, ಬೆವರು, ಬಳೆಯಿಲ್ಲದ ಎರಡು ಮಣಿಕಟ್ಟುಗಳು ಅವಳ ತಲೆಯ ಎರಡೂ ಕಡೆಯಿಂದ ಮೇಲೆ ಬಂದವು, ಸಿದ್ದವ್ವ ಮಣೆಯ ಮೇಲೆ ಹತ್ತಿ ಅವಳ ಬೆನ್ನಿಗೆ ಎದೆ ಹಚ್ಚಿ ನಿಂತು ಅವಳ ಕೈಗಳ ಮೇಲೆ ತನ್ನ ಕೈಗಳನ್ನಿಟ್ಟು ಒತ್ತಿದಳು. ಮಣ್ಣು ಮೆತ್ತಿದ ಬೆರಳುಗಳು. ಒಂದು ಬೆರಳಿನ ಮೇಲೆ ಒಂದು, ಹೆಬ್ಬೆರಳಿನ ಮೇಲೆ ಹೆಬ್ಬೆರಳು, ಬಲಗೈಯ ಕಿರುಬೆರಳು ಮಾತ್ರ ಕೂರಲಿಲ್ಲ, ಅದು ನಡುಗೆಣ್ಣಿನಲ್ಲಿ ಸೊಟ್ಟಗೆ ಹೊರಳಿ ನಿಂತಿದೆ, ನೆಟ್ಟಗಾಗುವುದಿಲ್ಲ, ಹನ್ನೆರಡು ವರ್ಷ ಒಂದೇ ಒಲೆಯ ಮುಂದೆ ಕೂತು ರೊಟ್ಟಿ ಬಡಿದಿದ್ದಾರೆ, ಈ ಬೆರಳು ಸೊಟ್ಟ ಎಂದು ಹಾಲವ್ವನಿಗೆ ಇವತ್ತಿನವರೆಗೂ ಕಂಡಿರಲಿಲ್ಲ. ನೀರು ನಿಂತಿತು, ಪೂರ್ತಿ ಅಲ್ಲ, ತೊಟ್ಟಿಕ್ಕುವಷ್ಟು. ಇಬ್ಬರೂ ಉಸಿರಾಡಿದರು, ಒಬ್ಬರ ಉಸಿರು ಇನ್ನೊಬ್ಬರ ಕೊರಳಿಗೆ. ಇಷ್ಟು ಹತ್ತಿರ ಯಾವತ್ತೂ ನಿಂತದ್ದಿಲ್ಲ, ಕೂಸು ಹುಟ್ಟಿದ ದಿನವೂ ಇಲ್ಲ, ಆ ದಿನ ಅತ್ತೆ ಬಾಗಿಲಲ್ಲೇ ನಿಂತಿದ್ದಳು, ಒಳಗೆ ಬರಲಿಲ್ಲ, ಅದನ್ನು ಹಾಲವ್ವ ಮರೆತಿಲ್ಲ. ಆಮೇಲೆ ಅತ್ತೆ ಮಾತಾಡಿದಳು, ಮೆಲ್ಲಗೆ, ಗೋಡೆಗೆ ಹೇಳಿದ ಹಾಗೆ, ಮುಖ ಕಾಣುತ್ತಿರಲಿಲ್ಲ, ಅದಕ್ಕೇ ಆಡಿದಳೇನೋ. ಆ ದಿನಾ ಎರಡನೇ ಕೊಡಕ್ಕ ನಿನ್ನ ಕಳಿಸಿದಾಕಿ ನಾ. ಹಾನಗಲ್ಲಿನ ಬೀಗರು ಬಂದಿದ್ರು, ಅವರ ಮುಂದ ನೀರ ಕಡಿಮಿ ಬಿದ್ದೀತು ಅಂತ, ಏಳು ತಿಂಗಳ ಬಸರಿ ಅಂತ ಗೊತ್ತಿದ್ದೂ, ಹೋಗಿ ತಗೊಂಡ ಬಾ ಅಂದೆ. ಈ ನಳದ ನೀರು ನನ್ನ ಗಂಟಲಾಗ ಇಳೀವಲ್ದು ಹಾಲವ್ವ, ಆ ಕೂಸಿನ ಸಲವಾಗಿ ಬಂದ ನೀರಿದು, ನಾ ಹ್ಯಾಂಗ ಕುಡಿಲಿ. ಅತ್ತೆ ಆ ದಿನ ಹೋಗು ಅಂದಿದ್ದಳೇ, ನಿಜವಾಗಿ ಅಂದಿದ್ದಳೇ, ಹಾಲವ್ವ ಆ ಮಧ್ಯಾಹ್ನವನ್ನು ಹುಡುಕಿದಳು, ಬೀಗರ ಗದ್ದಲ, ಒಲೆಯ ಹೊಗೆ, ಕೊಡ ತಾನೇ ಎತ್ತಿಕೊಂಡ ಹಾಗೆ, ಮೆಟ್ಟಿಲಬಾವಿಯ ತಂಪಿಗೆ ಒಂದು ಗಳಿಗೆ ಕೂತು ಬರೋಣ ಎಂದು ತಾನೇ ಹೊರಟ ಹಾಗೆ ನೆನಪು, ಮೂರು ವರ್ಷ ಅದೇ ನೆನಪು, ಆ ತಂಪಿನ ಆಸೆಗೇ ಕೂಸು ಹೋಯಿತು ಎಂದು ಯಾರಿಗೂ ಹೇಳದೆ ಇಟ್ಟುಕೊಂಡಿದ್ದು, ಯಾರಾದರೂ ಕಳಿಸಿದ್ದರೆಂದು ಒಂದು ಸಲವೂ ಹೊಳೆದಿರಲಿಲ್ಲ. ನಾನ ಹೋಗಿದ್ದೆನ್ರಿ ಅತ್ತ್ಯಾರ, ನೀವು ಅಂದದ್ದು ನನಗ ಕೇಳಿಸೇ ಇಲ್ಲ ಅಂದಳು. ಸೊಟ್ಟ ಕಿರುಬೆರಳು ಅವಳ ಕಿರುಬೆರಳನ್ನು ಮುಟ್ಟಲು ನೋಡುತ್ತಿತ್ತು, ಮುಟ್ಟುತ್ತಿರಲಿಲ್ಲ.

ಓಣಿಯಲ್ಲಿ ಹೆಜ್ಜೆ, ಫಕ್ಕೀರವ್ವನ ಏದುಸಿರು, ಎಲಿತೋಟದಾಗ ಇದ್ದರು, ಹುಡುಕಿ ಹುಡುಕಿ ಸಾಕಾತು ಎಂದು ಹೊರಗಿನಿಂದಲೇ ಹೇಳುತ್ತಿದ್ದಾಳೆ, ಅವಳ ಹಿಂದೆ ಜಮಾಲಸಾಬ, ಮೊಣಕಾಲತನಕ ಕೆಸರು, ಹೆಗಲಿಗೆ ಹತ್ಯಾರದ ಚೀಲ. ಪಡಸಾಲೆಯ ಅಂಚಿಗೆ ನಿಂತು ಒಮ್ಮೆ ನೋಡಿದ, ಗೋಡೆ, ನಳಿಗೆ, ನಾಲ್ಕು ಕೈ, ಹಗೇವಿನ ಬಾಯಿ. ಒಳಗ ಬರ್ಲಿ ಏನ್ರಿ ಅವ್ವಾರ ಎಂದು ಕೇಳಿದ, ಮೂರು ವರ್ಷದ ಹಿಂದೆಯೂ ಪ್ರತಿ ಸಲ ಕೇಳುತ್ತಿದ್ದ, ಅತ್ತೆ ಬಾರಪಾ ಅಂದಳು. ಅವನು ಅವರ ಹತ್ತಿರ ಬರಲಿಲ್ಲ, ನಳಿಗೆಯನ್ನೂ ಮುಟ್ಟಲಿಲ್ಲ, ನೆಟ್ಟಗೆ ಅಡಿಗೆಮನೆ ದಾಟಿ ಬಚ್ಚಲಿಗೆ ಹೋದ, ಎಲ್ಲಿಗೆ ಹೋದ ಇವನು, ಕಾಲು ತೊಳೆಯಲು ಹೋದನೇ ಈ ಹೊತ್ತಿನಲ್ಲಿ, ಕಿಂಯ್ ಎಂದು ಬಚ್ಚಲ ನಳ ತಿರುಗಿದ ಸದ್ದು, ಧೋ ಎಂದು ನೀರು ಕಲ್ಲಿನ ಮೇಲೆ ಬಿದ್ದ ಸದ್ದು, ಅಷ್ಟರಲ್ಲಿ ಹಾಲವ್ವನ ಅಂಗೈಯ ಕೆಳಗೆ ನಳಿಗೆಯ ನಡುಕ ಸಡಿಲಾಯಿತು. ಎಳೆಯುತ್ತಿದ್ದ ಎತ್ತಿನ ಹಗ್ಗ ಸಡಿಲಾದ ಹಾಗೆ. ಟಾಕಿಯ ನೀರೆಲ್ಲ ಆ ಕಡೆಯಿಂದ ಹಿತ್ತಲ ಬಾಳೆಯ ಬುಡಕ್ಕೆ ಹೋಗುತ್ತಿತ್ತು. ಅಷ್ಟೇ. ಅಷ್ಟೇ ಇತ್ತೇ. ಆ ನಳ ಇಲ್ಲಿಂದ ಹದಿನೈದು ಹೆಜ್ಜೆ, ದಿನಕ್ಕೆ ಇಪ್ಪತ್ತು ಸಲ ತಿರುಗಿಸುವ ನಳ, ಅತ್ತೆಗೆ ಹೇಳಿದ್ದರೂ ಆಗುತ್ತಿತ್ತು, ಫಕ್ಕೀರವ್ವನಿಗೆ ಹೇಳಿದ್ದರೂ ಆಗುತ್ತಿತ್ತು, ನೀರು ಸೋರುತ್ತಿದೆ ಅಂದ ಕೂಡಲೇ ಮುಚ್ಚು, ತಡೆ, ಹಿಡಿ ಎಂದಷ್ಟೇ ಹೊಳೆದದ್ದು, ಬಿಡು ಎಂದು ಹೊಳೆಯಲಿಲ್ಲ, ಎರಡು ತಾಸು, ದಡ್ಡಿ, ಎರಡು ತಾಸು ಹಿಡಿದು ನಿಂತು, ಕೊನೆಗೆ ಅರವತ್ತೈದರ ಮುದುಕಿಯನ್ನೂ ಮಣೆ ಹತ್ತಿಸಿ, ಅವಳಿಗೆ ಎದೆಯಿಂದ ನಾಚಿಕೆ ಬಿಸಿಯಾಗಿ ಮುಖಕ್ಕೆ ಹತ್ತಿತು. ಇನ್ನ ಕೈ ಬಿಡ್ರಿ ಅಕ್ಕಾರ ಎಂದು ಮಿಸ್ತ್ರಿ ಬಂದು ಹೇಳಿದ. ಬಿಡಲು ಬರಲಿಲ್ಲ. ಅತ್ತೆಯೇ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು, ಮಣೆ ಇಳಿದಳು, ಬಚ್ಚಲ ಕಡೆಯ ಸದ್ದನ್ನು ಕೇಳಿದಳು, ಅವಳಿಗೂ ಹೊಳೆದಿರಬೇಕು, ಅಲ್ಲಪಾ ಜಮಾಲಸಾಬ, ಆ ನಳಾ ಮೊದಲ ತಿರುವಿದ್ದರ ಆಗತಿತ್ತೇನು ಅಂದಳು. ಮಿಸ್ತ್ರಿ ಚೀಲದಿಂದ ನಳಿಗೆ ತಿರುವುವ ಪಾನಾ ತೆಗೆಯುತ್ತಿದ್ದ, ತಲೆ ಎತ್ತಲಿಲ್ಲ. ಇಲ್ರೀ ಅವ್ವಾರ, ಟಾಕಿ ತುಂಬಿದ್ದಾಗ ಅದನ್ನ ತಿರುವಿದ್ರೂ ಇಲ್ಲಿ ಜೋರು ಇಳೀತಿದ್ದಿಲ್ಲ. ಸಣ್ಣವ್ವಾರು ಹಿಡದ ನಿಂತದ್ದಕ್ಕ ಜ್ವಾಳ ಉಳೀತು. ಸುಳ್ಳು. ಅವಳ ಅಂಗೈಗೆ ಗೊತ್ತಿತ್ತು ಅದು ಸುಳ್ಳೆಂದು, ಟಾಕಿಯಲ್ಲಿ ಇನ್ನೂ ಮುಕ್ಕಾಲು ನೀರಿದ್ದಾಗಲೇ ನಡುಕ ಇಳಿದಿತ್ತು, ಅವಳು ಅವನನ್ನೇ ನೋಡಿದಳು, ಅವನು ಅವಳ ಕಡೆ ನೋಡದೆ ಅರಿವೆ ಬಿಚ್ಚಿ ನಳಿಗೆ ಕೂಡಿದ ಜಾಗವನ್ನು ಬೆರಳಿಂದ ಸವರಿದ. ತಪ್ಪು ನಂದೈತಿ, ಸಣಬು ಕಡಿಮಿ ಸುತ್ತೇನಿ ಇಲ್ಲಿ, ಆಗ ಸಣಬೂ ಸಿಗತಿರಲಿಲ್ಲ, ಸಿಗೂತನಕ ಕಾಯಬೇಕಿತ್ತು ಅಂದ, ತನಗೇ ಹೇಳಿಕೊಂಡ ಹಾಗೆ. ಟಾಕಿ ಬರಿದಾದ ಮೇಲೆ, ಇಬ್ಬರಿಗೂ ಆಗದ ಕೆಲಸವನ್ನು ಅರ್ಧ ತಾಸಿನಲ್ಲಿ ಮುಗಿಸಿದ, ಸೀಳಿದ್ದ ತುಂಡನ್ನು ಕತ್ತರಿಸಿ ತೆಗೆದ, ಚೀಲದಲ್ಲಿದ್ದ ಗೇಣುದ್ದದ ಹಳೆಯ ನಳಿಗೆ ಕೂಡಿಸಿದ, ಸಣಬಿನ ಎಳೆಯನ್ನು ಸುತ್ತಿದ, ಸುತ್ತಿದ ಮೇಲೆ ಇನ್ನೂ ಸುತ್ತಿದ, ಸಂದಿಗೆ ಸಫೇದಾ, ಬಿಳಿಯ ಲೇಪ, ಮೆತ್ತಿದ, ನಾಳೆ ಮುಂಜಾನೆತನಕ ಟಾಕಿ ತುಂಬಬ್ಯಾಡ್ರಿ, ಹೊಸಾ ಚಾವಿ ತಂದು ನಾನ ನೀರ ಬಿಡತೇನಿ ಅಂದ. ಹೋಗುವಾಗ ಅತ್ತೆ ಎರಡು ರೊಟ್ಟಿ, ಬದನೆಕಾಯಿ ಪಲ್ಲೆ ತಂದುಕೊಟ್ಟಳು, ಕಟ್ಟೆಯ ಮೇಲೆ ಕೂತು ತಿಂದ. ಏಳುವ ಮುಂದೆ, ಸಣ್ಣವ್ವಾರ ಕೈಗೆ ಬಿಸಿ ಎಣ್ಣಿ ತಿಕ್ಕರಿ, ಇಲ್ಲಾಂದ್ರ ನಾಳೆ ಮುಟಿಗಿ ಕಟ್ಟಾಕ ಬರೂದಿಲ್ಲ ಅಂದ.

ಸಂಜೆ ಗುಡ್ಡಪ್ಪ, ಆಳುಗಳು ಬಂದರು, ದೀಪ ಇಳಿಸಿದರು, ಕಾಳು ಮುಟ್ಟುವತನಕ ಉರಿಯಿತು, ಒಬ್ಬ ಇಳಿದ, ಮೇಲಿನ ಎರಡು ಬುಟ್ಟಿ ನೆನೆದಿದ್ದವು, ಹರವ್ರಿ ಅಂದ ಗುಡ್ಡಪ್ಪ, ಚಾದರದ ಮೇಲೆ ಹರವಿದರು, ಮೂರನೆಯ ಬುಟ್ಟಿ ಬಂತು, ಫಕ್ಕೀರವ್ವ ಒಂದು ಹಿಡಿ ತೆಗೆದು ಹಲ್ಲಲ್ಲಿ ಕಡಿದಳು, ಕಟ್ ಎಂದಿತು, ಒಣಗೇ ಇದೆ, ಒಣಗೇ ಇದೆ, ಎಲ್ಲರೂ ಒಮ್ಮೆಲೇ ಮಾತಾಡಲು ಸುರುಮಾಡಿದರು. ಹಾಲವ್ವ ಗೋಡೆಗೆ ಒರಗಿ ಕೂತಿದ್ದಾಳೆ, ಕೈಗಳು ತೊಡೆಯ ಮೇಲೆ ಮೇಲ್ಮುಖವಾಗಿ ಬಿದ್ದಿವೆ, ಅಂಗೈಯ ನಡುವೆ ನಳಿಗೆಯ ಗುರುತು ಕೆಂಪಗೆ, ನಾಳೆ ಉಳವಪ್ಪ ಬಂದರೆ ಹೇಳಬೇಕು, ಏನು ಹೇಳಬೇಕು, ನಳ ಒಡೆಯಿತು, ಜೋಳ ಉಳಿಯಿತು, ಅಷ್ಟನ್ನೇ, ಉಳಿದದ್ದನ್ನು ಹೇಳಲು ಮಾತೆಲ್ಲಿದೆ, ಬಚ್ಚಲ ನಳದ್ದು ಹೇಳಬಾರದು, ಮಿಸ್ತ್ರಿ ಮುಚ್ಚಿಟ್ಟದ್ದನ್ನು ತಾನೇಕೆ ತೆರೆಯಲಿ, ಹೊತ್ತು ಇಳಿಯುತ್ತಿದೆ, ಅತ್ತೆ ಕೊಡ ಹಿಡಿದು ಹೊರಡುವ ಹೊತ್ತು, ಅತ್ತೆ ಬಂದಳು, ಕೈಯಲ್ಲಿ ಕೊಡ ಇಲ್ಲ, ಎಣ್ಣೆಯ ಬಟ್ಟಲು ಇದೆ, ಎದುರಿಗೆ ಕೂತಳು, ಅವಳ ಬಲಗೈಯನ್ನು ಎತ್ತಿ ತನ್ನ ಮಡಿಲಲ್ಲಿಟ್ಟುಕೊಂಡಳು, ಹೊತ್ತು ಹೋತ್ರಿ ಅತ್ತ್ಯಾರ, ಬಾವಿಗೆ ಹೋಗೂದಿಲ್ಲೇನ್ರಿ ಎಂದು ಹಾಲವ್ವ ಕೇಳಬೇಕೆಂದುಕೊಂಡಳು, ಅಷ್ಟರಲ್ಲಿ ಬಿಸಿ ಎಣ್ಣೆ, ಹೆಬ್ಬೆರಳು ಮೊದಲು, ಬುಡದಿಂದ ತುದಿಗೆ, ಮತ್ತೆ ಬುಡದಿಂದ, ಹೊರಗೆ ಗುಡ್ಡಪ್ಪ ಹತ್ತನೆಯದೋ ಹನ್ನೊಂದನೆಯದೋ ಬುಟ್ಟಿ ಎಣಿಸುತ್ತಿದ್ದಾನೆ, ತೋರುಬೆರಳು, ನಡುಬೆರಳು, ಜೀವ ಮುಳ್ಳುಮುಳ್ಳಾಗಿ ಮರಳುತ್ತಿದೆ, ನೋಯುತ್ತಿದೆ, ನೋಯಲಿ, ಉಂಗುರದ ಬೆರಳು, ಇನ್ನು ಕೊನೆಯದು, ಅತ್ತೆಯ ಕೈ ಅಲ್ಲಿಗೆ ಬಂದು ನಿಂತಿತು, ಕೂಸು, ಬಾವಿ, ಕಳಿಸಿದವಳು, ಹೋದವಳು, ಯಾವುದೂ ಮುಂದೆ ಸಾಗುತ್ತಿಲ್ಲ, ಅವಳ ನೆಟ್ಟಗಿನ ಕಿರುಬೆರಳಿನ ಮೇಲೆ ಎಣ್ಣೆ ಹಚ್ಚಿದ ಅತ್ತೆಯ ಆ ಕಿರುಬೆರಳು, ನಡುಗೆಣ್ಣಿನಲ್ಲಿ ಸೊಟ್ಟ, ಕೊಕ್ಕೆಯ ಹಾಗೆ ಸುತ್ತಿಕೊಂಡು, ಸೊಟ್ಟ, ಬಿಡದೆ…